ಮೊದಲು ಅಂದಾಜು ಬರೆಯಿರಿ, ಆಮೇಲೆ ಟ್ಯಾಲಿ ತೆರೆಯಿರಿ: ಸೀಸನ್ ಖರೀದಿ ನಿರ್ಧರಿಸುವ ಕ್ರಮ

ಹುಬ್ಬಳ್ಳಿಯ ಜವಳಿ ಸಾಲಿನಿಂದ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯವರೆಗೆ ವ್ಯಾಪಾರಸ್ಥರು ಎಡವುವ ಜಾಗ ಬಹುಮಟ್ಟಿಗೆ ಒಂದೇ. ಸೀಸನ್ ಶುರುವಾಗುವ ಮುಂಚೆ ಎಷ್ಟು ಮಾಲು ತುಂಬಬೇಕು ಎಂಬ ನಿರ್ಧಾರ ಅದು. ಕೆಲವರು ಕಂಪ್ಯೂಟರ್ ತೆರೆದು, ಹೋದ ವರ್ಷದ ಮಾರಾಟಕ್ಕೆ ಶೇಕಡಾ ಹತ್ತು ಸೇರಿಸಿ ಆರ್ಡರ್ ಕೊಟ್ಟುಬಿಡುತ್ತಾರೆ. ಇನ್ನು ಕೆಲವರು ಸೂರತ್‌ನ ಸಗಟು ಅಂಗಡಿಯ ಗಾದಿಯ ಮೇಲೆ ಕೂತು, ಚಹಾ ಕುಡಿಯುತ್ತಾ, ಕಣ್ಣಿಗೆ ಹಿಡಿಸಿದ್ದನ್ನು ಕಟ್ಟಿಸಿಕೊಂಡು ಬರುತ್ತಾರೆ. ಹಬ್ಬ ಮುಗಿದ ಮೇಲೆ ಇಬ್ಬರ ಗೋದಾಮಿನಲ್ಲೂ ಕೂತ ಮಾಲು ಒಂದೇ ಎತ್ತರಕ್ಕೆ ಇರುತ್ತದೆ.

ಅಂಕಿ ಅಂಶವೂ ಬೇಕು, ಅನುಭವದ ಅಂದಾಜೂ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಯಾವುದು ಮೊದಲು, ಯಾವುದು ಆಮೇಲೆ, ಎರಡೂ ಜಗಳವಾಡಿದಾಗ ಯಾರ ಮಾತು ನಡೆಯಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ. ನಾನು ಲೆಕ್ಕಪತ್ರ ನೋಡುವ ಅಂಗಡಿಗಳಲ್ಲಿ ಈ ಕ್ರಮ ತಪ್ಪಿದ್ದರಿಂದಲೇ ಹೆಚ್ಚು ದುಡ್ಡು ಹಾಳಾಗಿದೆ. ಆದ್ದರಿಂದ ಇಲ್ಲಿ ಕ್ರಮವೇ ಮುಖ್ಯ. ಒಂದು ಹಂತ ಹಾರಿಸಿ ಮುಂದಿನದನ್ನು ಮಾಡಿದರೆ ಪ್ರಯೋಜನವಿಲ್ಲ. ಉದಾಹರಣೆಗೆ ನಾಗರ ಪಂಚಮಿಗೆ ಸೀರೆ ತರಿಸುವ ಒಂದು ಬಟ್ಟೆ ಅಂಗಡಿಯನ್ನು ಇಟ್ಟುಕೊಂಡಿದ್ದೇನೆ. ಕಿರಾಣಿ, ಪಾತ್ರೆ, ಬೀಜ ಗೊಬ್ಬರ, ಮೆಣಸಿನಕಾಯಿ ಯಾವುದಕ್ಕಾದರೂ ಇದೇ ದಾರಿ ನಡೆಯುತ್ತದೆ.

ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದದ್ದು

ದುಬಾರಿ ಸಾಫ್ಟ್‌ವೇರ್ ಬೇಡ. ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್‌ನಿಂದಲೋ ಬಿಲ್ಲಿಂಗ್ ಯಂತ್ರದಿಂದಲೋ ತೆಗೆದ, ಮಾಲುವಾರು ಮತ್ತು ದಿನವಾರು ಮಾರಾಟದ ಮೂರು ವರ್ಷದ ಪಟ್ಟಿ ಬೇಕು. ಒಂದು ಪಂಚಾಂಗ ಬೇಕು. ಗೋಡೆಯ ಕ್ಯಾಲೆಂಡರ್ ಆದರೂ ಸರಿ, ಆದರೆ ಹಿಂದಿನ ಎರಡು ವರ್ಷದವೂ ಸಿಗಬೇಕು. ಕೆಲವು ಲಕೋಟೆ, ಒಂದು ದಪ್ಪ ನೋಟ್‌ಬುಕ್ ಸಾಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು ಪುಸ್ತಕ. ಅದನ್ನು 'ಇಲ್ಲ ವಹಿ' ಎಂದು ಕರೆಯೋಣ. ಗಿರಾಕಿ ಕೇಳಿದ್ದಕ್ಕೆ ನಿಮ್ಮ ಹುಡುಗರು 'ಇಲ್ಲ' ಎಂದಾಗಲೆಲ್ಲ ಅದರಲ್ಲಿ ಒಂದು ಸಾಲು ಬೀಳಬೇಕು: ತಾರೀಖು, ಕೇಳಿದ ಮಾಲು, ಬಣ್ಣ ಅಥವಾ ಅಳತೆ, ಗಿರಾಕಿ ಬೇರೆ ಏನಾದರೂ ತೆಗೆದುಕೊಂಡರೋ ಬರಿಗೈಯಲ್ಲಿ ಹೋದರೋ. ಮಾರಿದ್ದು ಕಂಪ್ಯೂಟರಿಗೆ ಗೊತ್ತು. ಮಾರಲಾಗದೆ ಹೋದದ್ದು ಈ ವಹಿಗೆ ಮಾತ್ರ ಗೊತ್ತು. ಗಲ್ಲಾದ ಪಕ್ಕದಲ್ಲಿ ದಾರ ಕಟ್ಟಿ ತೂಗುಬಿಡಿ, ಪೆನ್ನು ಕೂಡ ದಾರಕ್ಕೆ ಕಟ್ಟಿ. ಪೆನ್ನು ಹುಡುಕಬೇಕಾದರೆ ಯಾರೂ ಬರೆಯುವುದಿಲ್ಲ.

ಹಂತ 1: ಪ್ರಶ್ನೆಯನ್ನು ಒಂದು ಸಾಲಿಗೆ ಇಳಿಸಿ

'ಈ ಸಲ ವ್ಯಾಪಾರ ಹೇಗಾಗಬಹುದು?' ಎಂಬುದು ಹರಟೆಯ ಪ್ರಶ್ನೆ. ನಿರ್ಧಾರದ ಪ್ರಶ್ನೆ ಹೀಗಿರಬೇಕು: 'ಸಾವಿರ ರೂಪಾಯಿ ಆಸುಪಾಸಿನ ದಿನಬಳಕೆ ಸೀರೆ, ಪಂಚಮಿಗೆ ಮೊದಲ 21 ದಿನಗಳಲ್ಲಿ ಎಷ್ಟು ಮಾರಾಟವಾಗುತ್ತದೆ?' ಮಾಲು, ಅವಧಿ, ಸಂಖ್ಯೆ ಮೂರೂ ಅದರಲ್ಲಿವೆ. ಇದನ್ನು ನೋಟ್‌ಬುಕ್ಕಿನ ಮೇಲ್ಭಾಗದಲ್ಲಿ ಬರೆಯಿರಿ.

ಅದರ ಕೆಳಗೆ ಇನ್ನೊಂದು ಸಾಲು: ತಪ್ಪಾದರೆ ಹಿಂದೆ ಬರಲು ಆಗುತ್ತದೆಯೇ? ನಾಲ್ಕು ಬಂಡಲ್ ಸೀರೆಯ ವಿಷಯವಾದರೆ ಇಷ್ಟೆಲ್ಲ ಕಸರತ್ತು ಬೇಡ, ಮನಸ್ಸಿಗೆ ತೋಚಿದ್ದನ್ನು ಮಾಡಿ. ಕೆಳಗಿನ ಹಂತಗಳು ದೊಡ್ಡ ಮೊತ್ತಕ್ಕೆ, ಸಾಲ ತೆಗೆದು ಹಾಕುವ ದುಡ್ಡಿಗೆ.

ಹಂತ 2: ಅಂಕಿ ನೋಡುವ ಮುಂಚೆ ಅಂದಾಜು ಬರೆದು ಲಕೋಟೆಗೆ ಹಾಕಿ

ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಪರದೆಯ ಮೇಲೆ 280 ಎಂಬ ಸಂಖ್ಯೆ ಒಮ್ಮೆ ಕಂಡಿತೆಂದರೆ ಮನಸ್ಸು ಅದರ ಸುತ್ತಲೇ ಗಿರಕಿ ಹೊಡೆಯುತ್ತದೆ. ಆಮೇಲೆ ಎಷ್ಟೇ ಯೋಚಿಸಿದರೂ 270 ಅಥವಾ 300 ಬರುತ್ತದೆ, ಅದನ್ನೇ ನಾವು ಅನುಭವದ ಮಾತು ಎಂದುಕೊಳ್ಳುತ್ತೇವೆ. ಆದ್ದರಿಂದ ಟ್ಯಾಲಿ ತೆರೆಯುವ ಹಿಂದಿನ ದಿನವೇ ಅಂದಾಜು ಕಾಗದಕ್ಕೆ ಇಳಿದಿರಬೇಕು.

ಒಂದೇ ಸಂಖ್ಯೆ ಬರೆಯಬೇಡಿ, ಮೂರು ಬರೆಯಿರಿ: ಏನೇ ಆದರೂ ಇಷ್ಟಂತೂ ಹೋಗುತ್ತದೆ, ಬಹುಶಃ ಇಷ್ಟು ಹೋಗಬಹುದು, ಎಲ್ಲವೂ ಕೂಡಿ ಬಂದರೆ ಇಷ್ಟು. ಪ್ರತಿಯೊಂದರ ಪಕ್ಕದಲ್ಲಿ ಕಾರಣ ಬೇಕು. 'ನನಗೆ ಹಾಗೆ ಅನ್ನಿಸುತ್ತದೆ' ಎಂಬುದನ್ನು ಕಾರಣವೆಂದು ಹಿಡಿಯುವ ಹಾಗಿಲ್ಲ. 'ಕುಂದಗೋಳ, ನವಲಗುಂದ ಕಡೆಯ ಗಿರಾಕಿಗಳು ಈ ಸಲ ಉದ್ದರಿ ಕೇಳುವುದು ಹೆಚ್ಚಾಗಿದೆ' ಎಂಬುದು ಕಾರಣ. 'ಗದಗ ಕಡೆ ಹೆಸರು ಬಿತ್ತನೆ ಚೆನ್ನಾಗಿ ಆಗಿದೆ, ಕೈಗೆ ದುಡ್ಡು ಬರುವುದು ಮಾತ್ರ ಗಣೇಶ ಹಬ್ಬದ ಹೊತ್ತಿಗೆ, ಪಂಚಮಿಗೆ ಅಲ್ಲ' ಎಂಬುದು ಇನ್ನೂ ಒಳ್ಳೆಯ ಕಾರಣ.

ಅಂದಾಜು ನಿಮ್ಮೊಬ್ಬರದೇ ಆಗಬಾರದು. ಕೌಂಟರ್‌ನಲ್ಲಿ ಸೀರೆ ಬಿಚ್ಚಿ ತೋರಿಸುವವರು, ಗೋದಾಮು ನೋಡುವವರು, ವಸೂಲಿಗೆ ಹಳ್ಳಿ ಸುತ್ತುವವರು ಮೂವರೂ ಬೇರೆ ಬೇರೆ ಬರೆದು, ಬೇರೆ ಬೇರೆ ಲಕೋಟೆಯಲ್ಲಿ ಹಾಕಿ ಕೊಡಬೇಕು. ಬಾಯಿಮಾತಿನಲ್ಲಿ ಕೇಳಿದರೆ ಆಗುವುದು ನಿಮಗೇ ಗೊತ್ತು. 'ಏನಪ್ಪಾ, ನಾಲ್ಕುನೂರು ಹೋಗುತ್ತದೆ ಅಲ್ಲವೇ?' ಎಂದು ಸಾಹುಕಾರರು ಕೇಳುತ್ತಾರೆ. 'ಹೌದು ಸಾಹುಕಾರರೇ, ಆರಾಮಾಗಿ ಹೋಗುತ್ತದೆ' ಎನ್ನುತ್ತಾನೆ ಹುಡುಗ. ಅವನಿಗೆ ಸೀರೆಯ ಲೆಕ್ಕಕ್ಕಿಂತ ಸಂಬಳದ ಲೆಕ್ಕ ಮುಖ್ಯ. ಲಕೋಟೆ ತೆರೆಯುವಾಗಲೂ ಕಿರಿಯರದ್ದು ಮೊದಲು, ಯಜಮಾನರದ್ದು ಕಡೆಗೆ.

ಅಪ್ಪ ಮತ್ತು ಮಗ ಕೂಡಿ ನಡೆಸುವ ಅಂಗಡಿಗಳಲ್ಲಿ ಈ ಹಂತ ಇನ್ನೂ ಅವಶ್ಯ. ಅಲ್ಲಿ ಮಗ ಎಕ್ಸೆಲ್ ಹಿಡಿದಿರುತ್ತಾನೆ, ಅಪ್ಪಾಜಿ ಅನುಭವ ಹಿಡಿದಿರುತ್ತಾರೆ; ಎತ್ತು ಏರಿಗೆ, ಕೋಣ ನೀರಿಗೆ. ವಾದ ನಡೆಯುವುದು ಸೀರೆಯ ಬಗ್ಗೆ ಎಂದು ಇಬ್ಬರೂ ತಿಳಿದಿರುತ್ತಾರೆ. ಅಪ್ಪಾಜಿ ಕೂಡ ಅಂದಾಜನ್ನು ಮೊದಲೇ ಬರೆದಿಟ್ಟರೆ ಅವರ ಅನುಭವಕ್ಕೂ ಒಂದು ದಾಖಲೆ ಸಿಗುತ್ತದೆ, ಮಗನ ಹಾಳೆಗೂ ಒಂದು ಪರೀಕ್ಷೆ ಸಿಗುತ್ತದೆ.

ಎಚ್ಚರಿಕೆಯ ಗುರುತು: ಎಲ್ಲ ಲಕೋಟೆಗಳಲ್ಲೂ ಒಂದೇ ಸಂಖ್ಯೆ ಬಂದಿದ್ದರೆ ಅವರು ಮೊದಲೇ ಮಾತಾಡಿಕೊಂಡಿದ್ದಾರೆ. ಹರಿದು ಹಾಕಿ, ಒಬ್ಬೊಬ್ಬರನ್ನೇ ಕೂರಿಸಿ ಬರೆಸಿ.

ಹಂತ 3: ಅಂಕಿಗಳನ್ನು ತೊಳೆದು ಒಣಗಿಸಿ

ಈಗ ಟ್ಯಾಲಿ ತೆರೆಯಬಹುದು. ಆದರೆ ಪಟ್ಟಿಯಲ್ಲಿ ಬಂದದ್ದನ್ನು ಹಾಗೆಯೇ ನಂಬಬೇಡಿ. ಈ ಹಂತಕ್ಕೆ ಒಂದು ಇಡೀ ಮಧ್ಯಾಹ್ನ ಮೀಸಲಿಡಿ.

ಮೊದಲ ಕೊಳೆ ತಾರೀಖಿನದ್ದು. ನಮ್ಮ ವ್ಯಾಪಾರ ನಡೆಯುವುದು ಚಾಂದ್ರಮಾನದಲ್ಲಿ, ಲೆಕ್ಕ ನಡೆಯುವುದು ಇಂಗ್ಲಿಷ್ ತಿಂಗಳಿನಲ್ಲಿ. ನಾಗರ ಪಂಚಮಿ 2023ರಲ್ಲಿ ಆಗಸ್ಟ್ 21ಕ್ಕೆ, 2024ರಲ್ಲಿ ಆಗಸ್ಟ್ 9ಕ್ಕೆ, 2025ರಲ್ಲಿ ಜುಲೈ 29ಕ್ಕೆ ಬಂದಿತ್ತು. ಆಗಸ್ಟ್‌ಗೆ ಆಗಸ್ಟ್ ಹೋಲಿಸಿದ ಅಂಗಡಿಯವರಿಗೆ 2025ರಲ್ಲಿ ವ್ಯಾಪಾರ ನೆಲಕಚ್ಚಿದಂತೆ ಕಾಣುತ್ತದೆ. ಜುಲೈಗೆ ಜುಲೈ ಹೋಲಿಸಿದವರಿಗೆ ಹಾಲು ಉಕ್ಕಿದಂತೆ ಕಾಣುತ್ತದೆ. ಎರಡೂ ಸುಳ್ಳು. ತಿಂಗಳನ್ನು ಬಿಟ್ಟು 'ಹಬ್ಬಕ್ಕೆ ಮೊದಲ 21 ದಿನ' ಎಂದು ಪ್ರತಿ ವರ್ಷವೂ ಅಳೆಯಿರಿ.

ಇದಕ್ಕಿಂತ ದೊಡ್ಡ ಮೋಸ ಯುಗಾದಿಯದ್ದು. 2023ರ ಯುಗಾದಿ ಮಾರ್ಚ್ 22ಕ್ಕೆ, 2024ರದ್ದು ಏಪ್ರಿಲ್ 9ಕ್ಕೆ, 2025ರದ್ದು ಮಾರ್ಚ್ 30ಕ್ಕೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕದ ವರ್ಷಕ್ಕೆ ಇವನ್ನು ಹಂಚಿ ನೋಡಿ. 2023-24ರಲ್ಲಿ ಯುಗಾದಿಯೇ ಇಲ್ಲ, 2024-25ರಲ್ಲಿ ಎರಡು ಯುಗಾದಿ ಇವೆ. 2024ರ ಹಬ್ಬದ ಖರೀದಿ ಸ್ವಲ್ಪ ಮಾರ್ಚ್ ಕೊನೆಯಲ್ಲೇ ಶುರುವಾಗಿರಬಹುದು, ಆದರೂ ಹೆಚ್ಚಿನ ಪಾಲು ಏಪ್ರಿಲ್‌ನದ್ದೇ. 2024-25ರ ವಹಿವಾಟು ಏರಿದ್ದನ್ನು ಬ್ಯಾಂಕಿಗೆ ತೋರಿಸಿ ಸಾಲ ಪಡೆಯಲು ಅಡ್ಡಿಯಿಲ್ಲ. ಆದರೆ ಆ ಏರಿಕೆಯನ್ನು ನೀವೇ ನಂಬಿ ಮಾಲು ತುಂಬಬೇಡಿ.

ಅಧಿಕ ಮಾಸವೂ ಹಾಗೆಯೇ. 2026ರಲ್ಲಿ ಅಧಿಕ ಜ್ಯೇಷ್ಠ ಮೇ 17ರಿಂದ ಜೂನ್ 15ರವರೆಗೆ. ಅಧಿಕದಲ್ಲಿ ಮದುವೆ ಮಾಡುವುದಿಲ್ಲ. ಹಿಂದಿನ ವರ್ಷಗಳ ಮೇ ತಿಂಗಳ ಮದುವೆ ಜವಳಿಯ ಮಾರಾಟವನ್ನು ಆ ವರ್ಷಕ್ಕೆ ಎಳೆದರೆ ಅರ್ಧ ತಿಂಗಳ ಮಾಲು ಕಪಾಟಿನಲ್ಲೇ ಉಳಿಯುತ್ತದೆ. ಕಂಪ್ಯೂಟರಿಗೆ ಪಂಚಾಂಗ ಓದಲು ಬರುವುದಿಲ್ಲ, ನೀವು ಓದಿ ಹೇಳಬೇಕು.

ಎರಡನೆಯ ಕೊಳೆ, ಮಾಲು ಖಾಲಿಯಾದ ದಿನಗಳದ್ದು. ಹೋದ ವರ್ಷ 280 ಸೀರೆ ಮಾರಿದ್ದೀರಿ ಎಂದಿಟ್ಟುಕೊಳ್ಳಿ. ಹಬ್ಬಕ್ಕೆ ಐದು ದಿನ ಇರುವಾಗಲೇ ಮಾಲು ಮುಗಿದಿದ್ದರೆ ಆ 280 ಎಂಬುದು ನಿಮ್ಮಲ್ಲಿದ್ದ ಮಾಲಿನ ಲೆಕ್ಕ, ಗಿರಾಕಿಗೆ ಬೇಕಾಗಿದ್ದರ ಲೆಕ್ಕ ಅದರಲ್ಲಿಲ್ಲ. ಇಲ್ಲ ವಹಿಯನ್ನು ಈಗ ತೆಗೆಯಿರಿ. ಆ ಐದು ದಿನದಲ್ಲಿ 37 ಜನ ಕೇಳಿ, 17 ಜನ ಬೇರೆ ಸೀರೆ ಒಯ್ದಿದ್ದರೆ, ಬರಿಗೈಯಲ್ಲಿ ಹೋದ 20 ಜನರನ್ನು ಸೇರಿಸಿ 300 ಎಂದು ತಿದ್ದಿಕೊಳ್ಳಿ. ಕೇಳಿದವರನ್ನೆಲ್ಲ ಸೇರಿಸಬೇಡಿ, ಅದು ಇನ್ನೊಂದು ಬಗೆಯ ತಪ್ಪು. ಇಲ್ಲ ವಹಿ ಇಲ್ಲದವರು ಮಾಲು ಮುಗಿದ ತಾರೀಖನ್ನಾದರೂ ಪಟ್ಟಿಯ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಮೇಲು.

ಮೂರನೆಯದು ಒಂಟಿ ಗಿರಾಕಿಗಳದ್ದು. ಯಾರೋ ಒಬ್ಬರು ಮಠದ ಸಾಮೂಹಿಕ ವಿವಾಹಕ್ಕೆಂದು ಒಂದೇ ಬಿಲ್ಲಿನಲ್ಲಿ ನೂರಾರು ಸೀರೆ ಒಯ್ದಿದ್ದರೆ ಅದನ್ನು ತೆಗೆದಿಡಿ. ಹಾಗೆಯೇ 2020 ಮತ್ತು 2021ರ ಬೇಸಿಗೆಯ ಲಾಕ್‌ಡೌನ್ ತಿಂಗಳುಗಳನ್ನು ಸರಾಸರಿಗೆ ಸೇರಿಸಿರುವ ಪಟ್ಟಿಗಳನ್ನು ನಾನು ಇನ್ನೂ ನೋಡುತ್ತಿದ್ದೇನೆ. ದಯವಿಟ್ಟು ತೆಗೆಯಿರಿ.

ನಾಲ್ಕನೆಯದನ್ನು ಮೆಲುದನಿಯಲ್ಲಿ ಹೇಳಬೇಕು. ಬಿಲ್ ಹಾಕದ ವ್ಯಾಪಾರ ನಿಮ್ಮಲ್ಲಿ ಎಷ್ಟಿದೆಯೋ ಅಷ್ಟರ ಮಟ್ಟಿಗೆ ನಿಮ್ಮ ಟ್ಯಾಲಿ ನಿಮಗೇ ಸುಳ್ಳು ಹೇಳುತ್ತದೆ. ತೆರಿಗೆಯವರ ಮಾತು ಹಾಗಿರಲಿ, ಮುಂದಿನ ಖರೀದಿಯನ್ನೇ ನೀವು ಕುರುಡಾಗಿ ಮಾಡಬೇಕಾಗುತ್ತದೆ. ಎಲ್ಲ ಸೀರೆಯನ್ನೂ 'ಸೀರೆ, ಇತರೆ' ಎಂಬ ಒಂದೇ ಹೆಸರಿನಲ್ಲಿ ಬಿಲ್ ಮಾಡುವ ಅಂಗಡಿಗಳ ಪಾಡೂ ಅದೇ. ಇಂಥ ಪಟ್ಟಿ ಇದ್ದರೆ ಈ ವರ್ಷದ ನಿರ್ಧಾರವನ್ನು ಅಂದಾಜಿನ ಮೇಲೆಯೇ ಮಾಡಿ, ಇವತ್ತಿನಿಂದ ಮಾಲಿಗೊಂದು ಹೆಸರು ಕೊಡಲು ಶುರು ಮಾಡಿ.

ಹೊರಗಿನ ಅಂಕಿಗಳೂ ಬೇಕೆನಿಸಿದರೆ ಎರಡು ಸಾಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿವಾರು ಮಳೆ ಲೆಕ್ಕ ಕೊಡುತ್ತದೆ. ಕೃಷಿ ಮಾರಾಟ ಇಲಾಖೆಯ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಎಪಿಎಂಸಿಗಳ ದಿನದ ಕನಿಷ್ಠ, ಗರಿಷ್ಠ ದರಗಳು ಸಿಗುತ್ತವೆ. ಹಳ್ಳಿ ಗಿರಾಕಿಗಳನ್ನು ನಂಬಿದ ಅಂಗಡಿಗೆ ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಯ ಹೆಸರು, ಕಡಲೆ ದರಗಳು ಜವಳಿ ದರದಷ್ಟೇ ಮುಖ್ಯ. ಹೆಸರು ಕಟಾವಿನ ಹೊತ್ತಿಗೆ ಮಳೆ ಹಿಡಿದರೆ ಕಾಳು ಬಣ್ಣ ಕೆಡುತ್ತದೆ, ದರ ಬೀಳುತ್ತದೆ, ದಸರೆಯ ಸೀರೆ ಅಲ್ಲಿಗೇ ನಿಲ್ಲುತ್ತದೆ.

ಹಂತ 4: ಯಾರ ಅಂದಾಜಿಗೆ ಎಷ್ಟು ಕಿಮ್ಮತ್ತು ಎಂದು ನಿರ್ಧರಿಸಿ

ಬ್ಯಾಡಗಿ ಪೇಟೆಯಲ್ಲಿ ಸೋಮವಾರವೋ ಗುರುವಾರವೋ ಟೆಂಡರ್ ಹೊತ್ತಿಗೆ ಒಬ್ಬ ಹಳೆಯ ಖರೀದಿದಾರರ ಹಿಂದೆ ನಡೆದು ನೋಡಿ. ಅವರು ಲಾಟಿನ, ಅಂದರೆ ಮಾರಾಟಕ್ಕಿಟ್ಟ ರಾಶಿಯ, ಮೇಲಿನ ಕಾಯಿ ಮುಟ್ಟುವುದಿಲ್ಲ. ಮೊಣಕೈವರೆಗೆ ಕೈ ಇಳಿಸಿ ಒಳಗಿನ ಒಂದು ಹಿಡಿ ತೆಗೆಯುತ್ತಾರೆ. ಕಿವಿಯ ಬಳಿ ಅಲ್ಲಾಡಿಸುತ್ತಾರೆ. ಚೆನ್ನಾಗಿ ಒಣಗಿದ ಕಾಯಿಯಾದರೆ ಒಳಗೆ ಬೀಜ ಸದ್ದು ಮಾಡುತ್ತದೆ. ಒಂದು ಕಾಯಿಯನ್ನು ಬಗ್ಗಿಸುತ್ತಾರೆ. ಮುರಿಯದೆ ಬಾಗಿದರೆ ತೇವ ಇದೆ, ಯಾರೋ ನೀರು ಚಿಮುಕಿಸಿರಲೂಬಹುದು. ಬೆಳಕಿಗೆ ಹಿಡಿದು ಸುಕ್ಕು, ಬಣ್ಣ ನೋಡುತ್ತಾರೆ, ಅಂಗೈ ಮೂಸುತ್ತಾರೆ, ದರ ನಿರ್ಧರಿಸಿ ಮುಂದಿನ ಲಾಟಿಗೆ ಹೋಗುತ್ತಾರೆ. ಪ್ರಯೋಗಾಲಯದಲ್ಲಿ ಬಣ್ಣ ಅಳೆದು ಬರುವ ವರದಿಗೂ ಅವರ ಕಣ್ಣಳತೆಗೂ ಹಲವು ಸಲ ಹೆಚ್ಚು ಅಂತರ ಇರುವುದಿಲ್ಲ.

ಅದೇ ಖರೀದಿದಾರರು ಸಂಜೆ ಚಹಾದಂಗಡಿಯಲ್ಲಿ 'ಈ ಸಲ ಮಳೆಗಾಲಕ್ಕೆ ದರ ಏರುವುದು ಗ್ಯಾರಂಟಿ, ಶೈತ್ಯಾಗಾರದಲ್ಲಿ ಇಡಿ' ಎನ್ನುತ್ತಾರೆ. ದನಿ ಅದೇ, ಗತ್ತು ಅದೇ, ಆದರೆ ಈ ಮಾತಿನ ಕಿಮ್ಮತ್ತು ಬೇರೆ.

ತೇವದ ವಿಷಯದಲ್ಲಿ ಅವರು ತಪ್ಪಿದರೆ ವಾರದೊಳಗೆ ಗೊತ್ತಾಗುತ್ತದೆ. ಗೋದಾಮಿನಲ್ಲಿ ತೂಕ ಇಳಿಯುತ್ತದೆ, ಮಸಾಲೆ ಕಂಪನಿಯವರು ಮಾಲು ತಿರಸ್ಕರಿಸುತ್ತಾರೆ. ಒಂದು ಸೀಸನ್‌ನಲ್ಲಿ ಸಾವಿರಾರು ಲಾಟು ನೋಡುತ್ತಾರೆ, ಪ್ರತಿ ತಪ್ಪಿಗೂ ದಂಡ ಕಟ್ಟುತ್ತಾರೆ, ಕೈ ಪಳಗುತ್ತದೆ. ಮಳೆಗಾಲದ ದರ ಹಾಗಲ್ಲ. ಅದು ವರ್ಷಕ್ಕೊಮ್ಮೆ ಬರುವ ಪ್ರಶ್ನೆ. ಆಂಧ್ರ, ತೆಲಂಗಾಣದ ಬೆಳೆ, ರಫ್ತು, ಉಳಿದವರು ಶೈತ್ಯಾಗಾರದಲ್ಲಿ ಇಟ್ಟಿರುವ ಚೀಲಗಳು ಎಲ್ಲ ಕೂಡಿ ಉತ್ತರ ಕೊಡುತ್ತವೆ. ದರ ಏರಿದರೆ 'ನಾನು ಹೇಳಿರಲಿಲ್ಲವೇ' ಎನ್ನಬಹುದು, ಇಳಿದರೆ ಮಾರುಕಟ್ಟೆಯನ್ನು ಬೈಯಬಹುದು. ಕಲಿಯುವುದಕ್ಕೆ ಅಲ್ಲಿ ಅವಕಾಶವೇ ಇಲ್ಲ.

ಅಂತಃಪ್ರಜ್ಞೆಯ ಬಗ್ಗೆ ಎದುರುಬದುರು ನಿಲುವು ಹೊಂದಿದ್ದ ಇಬ್ಬರು ಮನಶ್ಶಾಸ್ತ್ರಜ್ಞರು, ಡೇನಿಯಲ್ ಕಾಹ್ನೆಮನ್ ಮತ್ತು ಗ್ಯಾರಿ ಕ್ಲೈನ್, 2009ರಲ್ಲಿ ಕೂಡಿ ಬರೆದ ಪ್ರಬಂಧದಲ್ಲಿ ಇದೇ ತೀರ್ಮಾನಕ್ಕೆ ಬಂದರು. ಸನ್ನಿವೇಶದಲ್ಲಿ ಮತ್ತೆ ಮತ್ತೆ ಕಾಣುವ ಒಂದು ಕ್ರಮ ಇರಬೇಕು, ಅದನ್ನು ಕಲಿಯಲು ಸಾಕಷ್ಟು ಅವಕಾಶ ಸಿಕ್ಕಿರಬೇಕು. ಇವೆರಡೂ ಇದ್ದರೆ ಮಾತ್ರ ಅನುಭವಿಯ ಒಳಮನಸ್ಸನ್ನು ನಂಬಬಹುದು. ಹೇಳುವವರಿಗೆ ಎಷ್ಟು ಖಾತ್ರಿ ಇದೆ ಎಂಬುದು ಅಳತೆಗೋಲಾಗದು ಎಂದೂ ಅವರು ಹೇಳಿದರು. ನಮ್ಮ ಪೇಟೆಯಲ್ಲಿ ಖಾತ್ರಿಗೇನೂ ಬರವಿಲ್ಲ.

ಆದ್ದರಿಂದ ಪ್ರತಿ ಲಕೋಟೆಯ ಮೇಲೆ ಮೂರು ಪ್ರಶ್ನೆ ಬರೆಯಿರಿ. ಇದೇ ಬಗೆಯ ನಿರ್ಧಾರವನ್ನು ಇವರು ಹಿಂದೆ ಎಷ್ಟು ಸಲ ಮಾಡಿದ್ದಾರೆ? ತಪ್ಪಿದ್ದು ಬೇಗ ಗೊತ್ತಾಗಿತ್ತೇ? ಅಂದಿನ ಪರಿಸ್ಥಿತಿ ಇಂದೂ ಇದೆಯೇ? ಇಪ್ಪತ್ತು ವರ್ಷ ಕೌಂಟರ್‌ನಲ್ಲಿ ನಿಂತವರು ಯಾವ ಬಣ್ಣ ಓಡುತ್ತದೆ ಎಂದು ಹೇಳಿದರೆ ಕೇಳಿ. ದಿನವೂ ನೂರು ಜನರ ಮುಖ ನೋಡಿ ಕಲಿತದ್ದು ಅದು. ವಿದ್ಯಾನಗರದಲ್ಲಿ ಶಾಖೆ ತೆರೆದರೆ ನಡೆಯುತ್ತದೆ ಎಂದು ಅದೇ ವ್ಯಕ್ತಿ ಹೇಳಿದರೆ ನಮಸ್ಕಾರ ಮಾಡಿ, ಆ ರಸ್ತೆಯಲ್ಲಿ ನಿಂತು ಓಡಾಡುವ ಜನರನ್ನು ನೀವೇ ಎಣಿಸಿ.

ಹಂತ 5: ಎರಡನ್ನೂ ಎದುರುಬದುರು ಇಟ್ಟು ಅಂತರಕ್ಕೆ ಕಾರಣ ಹುಡುಕಿ

ತೊಳೆದ ಅಂಕಿ 300 ಎನ್ನುತ್ತದೆ, ಲಕೋಟೆಗಳು 340 ಎನ್ನುತ್ತವೆ. ಇಲ್ಲಿ ಎಲ್ಲರೂ ಮಾಡುವ ಕೆಲಸವೆಂದರೆ 'ಅದೂ ಬೇಡ, ಇದೂ ಬೇಡ' ಎಂದು 320ಕ್ಕೆ ರಾಜಿಯಾಗುವುದು. ಅದು ಸಂಧಾನ, ನಿರ್ಧಾರವಲ್ಲ. ಮೊದಲು ಕೇಳಬೇಕಾದದ್ದು: ಆ 40 ಸೀರೆ ಎಲ್ಲಿಂದ ಬಂದವು?

ಅಂಕಿಗೆ ಗೊತ್ತಿಲ್ಲದ ಹೊಸ ಸಂಗತಿ ಮನಸ್ಸಿಗೆ ಗೊತ್ತಿರಬಹುದು. ಎದುರಿನ ಅಂಗಡಿ ಮುಚ್ಚಿದೆ. ಚೆನ್ನಮ್ಮ ವೃತ್ತದ ಮೇಲ್ಸೇತುವೆ ಕಾಮಗಾರಿಗೆ ವಾಹನಗಳ ದಾರಿ ಬದಲಾಗಿ ಗಿರಾಕಿಗಳ ಓಡಾಟವೇ ಬೇರೆಯಾಗಿದೆ. ಹೀಗೆ ಹೆಸರಿಟ್ಟು ಹೇಳಬಹುದಾದ ಕಾರಣವಿದ್ದು, ಅದು ಹಳೆಯ ಅಂಕಿಗಳಲ್ಲಿ ಸೇರಿಲ್ಲವಾದರೆ ಅಂದಾಜಿನ ಕಡೆ ವಾಲಿ. ಕಾರಣ ಹೊಸದೇ ಅಲ್ಲ, ಪ್ರತಿ ವರ್ಷವೂ ಇರುವಂಥದ್ದು ಎಂದಾದರೆ ಅದು ಅಂಕಿಯಲ್ಲಿ ಆಗಲೇ ಕೂತಿದೆ. ಎರಡು ಸಲ ಎಣಿಸಬೇಡಿ. 'ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಅದಕ್ಕೇ ಹೆಚ್ಚು ಹೋಗುತ್ತದೆ' ಎಂಬುದು ಇಂಥ ಕಾರಣ. ಅವರು ಹೋದ ವರ್ಷವೂ ಬಂದಿದ್ದರು.

ಯಾವ ಕಾರಣವೂ ಸಿಗದಿದ್ದರೆ? ಆಗ ಅಂಕಿಯ ಹತ್ತಿರ ನಿಲ್ಲಿ, ಹಂತ 4ರಲ್ಲಿ ಹೆಚ್ಚು ಕಿಮ್ಮತ್ತು ಪಡೆದವರ ಕಡೆಗೆ ಸ್ವಲ್ಪ ಸರಿಯಿರಿ. ಆಗ 320 ಬಂದರೂ ಪರವಾಗಿಲ್ಲ, ಅದಕ್ಕೊಂದು ಹಿನ್ನೆಲೆ ಇದೆ.

ಎಚ್ಚರಿಕೆಯ ಗುರುತು: ಅಂತರ ಕಂಡ ಕೂಡಲೇ ಯಾರಾದರೂ ಇನ್ನೊಂದು ಬಗೆಯ ರಿಪೋರ್ಟ್ ತೆಗೆಯಲು ಹೇಳಿದರೆ, ಆಮೇಲೆ ಮತ್ತೊಂದು ಎಂದರೆ, ಅವರು ತಮಗೆ ಬೇಕಾದ ಸಂಖ್ಯೆ ಸಿಗುವವರೆಗೆ ಹುಡುಕುತ್ತಿದ್ದಾರೆ. ಕಂಪ್ಯೂಟರ್ ಮುಚ್ಚಿ.

ಹಂತ 6: ಉಳಿದರೆ ಎಷ್ಟು, ಸಾಲದಾದರೆ ಎಷ್ಟು ಎಂದು ರೂಪಾಯಿಯಲ್ಲಿ ಬರೆಯಿರಿ

ಎಷ್ಟು ಮಾರಾಟವಾಗಬಹುದು ಎಂಬುದೂ ಎಷ್ಟು ಖರೀದಿಸಬೇಕು ಎಂಬುದೂ ಎರಡು ಬೇರೆ ಪ್ರಶ್ನೆಗಳು. ಲಕೋಟೆಯವರು ಕೂಡ ಇದನ್ನು ಮರೆಯುತ್ತಾರೆ.

ಸೀರೆಯ ಖರೀದಿ 800 ರೂಪಾಯಿ, ಮಾರಾಟ 1,100, ಉಳಿದರೆ ರಿಯಾಯಿತಿಯಲ್ಲಿ 650ಕ್ಕೆ ಹೋಗುತ್ತದೆ ಎನ್ನಿ. ಒಂದು ಸೀರೆ ಕಡಿಮೆ ಬಿದ್ದರೆ ಕೈತಪ್ಪುವ ಲಾಭ 300, ಒಂದು ಹೆಚ್ಚು ಉಳಿದರೆ ಆಗುವ ನಷ್ಟ 150. ಮೊದಲನೆಯದನ್ನು ಎರಡರ ಮೊತ್ತದಿಂದ ಭಾಗಿಸಿ: 300 ಭಾಗಿಸು 450, ಮೂರರಲ್ಲಿ ಎರಡು ಪಾಲು. ಅಂದರೆ ಮೂರು ಸೀಸನ್‌ನಲ್ಲಿ ಎರಡು ಸಲ ಸಾಕಾಗುವಷ್ಟು ಮಾಲು ಇರಲಿ, ಒಂದು ಸಲ ಕಡಿಮೆ ಬಿದ್ದರೂ ನಡೆಯುತ್ತದೆ. ಹಂತ 5ರ ನಂತರ ನಿಮ್ಮ ಮೂರು ಸಂಖ್ಯೆಗಳು 250, 320, 400 ಎಂದು ನಿಂತಿದ್ದರೆ ನಡುವಿನ 320 ಸುಮಾರು ಎರಡರಲ್ಲಿ ಒಂದು ಸಲ ಸಾಕಾಗುವ ಸಂಖ್ಯೆ; ಅದಕ್ಕಿಂತ ತುಸು ಮೇಲೆ, ಖರೀದಿ 340ರ ಆಸುಪಾಸಿಗೆ ಬರುತ್ತದೆ. ಅದೇ ಸೀರೆ ಈ ವರ್ಷದ ಫ್ಯಾಷನ್‌ನದ್ದಾಗಿ, ಉಳಿದರೆ 300ಕ್ಕೂ ಕಷ್ಟ ಎಂದಾದರೆ ನಷ್ಟ 500ಕ್ಕೆ ಏರುತ್ತದೆ, ಪಾಲು ಎಂಟರಲ್ಲಿ ಮೂರಕ್ಕೆ ಇಳಿಯುತ್ತದೆ, ಖರೀದಿಯೂ 310ರ ಸುಮಾರಿಗೆ ಇಳಿಯಬೇಕು. ಮಾರಾಟದ ಅಂದಾಜು ಎರಡರಲ್ಲೂ ಒಂದೇ ಇತ್ತು, ಗಮನಿಸಿ.

ಸಗಟು ವ್ಯಾಪಾರಿ ಉಳಿದದ್ದನ್ನು ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ, ಒಪ್ಪಿದರೆ ಬರವಣಿಗೆಯಲ್ಲಿ ಪಡೆಯಿರಿ. ಆ ಒಂದು ಷರತ್ತು ಈ ಲೆಕ್ಕವನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸುತ್ತದೆ. ಸಾಲದ ಬಡ್ಡಿಯನ್ನು ನಷ್ಟದ ಕಡೆ ಸೇರಿಸಲು ಮರೆಯಬೇಡಿ. ಎಲ್ಲ ಲೆಕ್ಕವೂ ಸರಿಯಿದ್ದು ಮೊತ್ತ ನಿಮ್ಮ ಶಕ್ತಿಗೆ ಮೀರಿದ್ದರೆ ಹಾಸಿಗೆ ಇದ್ದಷ್ಟೇ ಕಾಲು ಚಾಚಿ.

ಹಂತ 7: ಸೋತಿದ್ದೇವೆ ಎಂದುಕೊಂಡು ಹತ್ತು ನಿಮಿಷ ಕೂರಿ

ಎಲ್ಲರನ್ನೂ ಮತ್ತೆ ಕೂರಿಸಿ ಹೇಳಿ: 'ಹಬ್ಬ ಮುಗಿದಿದೆ, ಅರ್ಧ ಮಾಲು ಉಳಿದಿದೆ. ಯಾಕೆ?' ಪ್ರತಿಯೊಬ್ಬರೂ ಎರಡು ಕಾರಣ ಬರೆಯಬೇಕು. ಇದು ಮೇಲೆ ಹೇಳಿದ ಗ್ಯಾರಿ ಕ್ಲೈನ್ ಬಳಕೆಗೆ ತಂದ ಉಪಾಯ. ಸೋಲಬಹುದೇ ಎಂದು ಕೇಳಿದರೆ ನಮ್ಮವರು 'ಬಿಡ್ರಿ, ಅಪಶಕುನ' ಎನ್ನುತ್ತಾರೆ. ಸೋತಾಗಿದೆ ಎಂದುಬಿಟ್ಟರೆ ಬಾಯಿ ಬಿಡುತ್ತಾರೆ. 'ಪಾರ್ಸೆಲ್ ಹಬ್ಬದ ಹಿಂದಿನ ದಿನ ಬಂತು' ಎಂಬುದು ಸಾಮಾನ್ಯವಾಗಿ ಮೊದಲ ಕಾರಣ. ಹಾಗಿದ್ದರೆ ಆರ್ಡರ್ ತಾರೀಖನ್ನು ಈಗಲೇ ಹಿಂದಕ್ಕೆ ಎಳೆಯಿರಿ.

ಹಂತ 8: ಕಂತಿನಲ್ಲಿ ಖರೀದಿಸಿ, ಗೆರೆಯನ್ನು ಮೊದಲೇ ಎಳೆಯಿರಿ

340ನ್ನೂ ಒಮ್ಮೆಲೇ ತರಿಸಬೇಡಿ. ಅಂಗಡಿ ತುಂಬಿ ಕಾಣುವಷ್ಟು, ಸುಮಾರು 220 ಮೊದಲು ಬರಲಿ. ಉಳಿದದ್ದಕ್ಕೆ ಷರತ್ತು ಬರೆದಿಡಿ: 'ಹಬ್ಬಕ್ಕೆ 12 ದಿನ ಇರುವಾಗ ಮಾರಾಟ 110 ದಾಟಿದ್ದರೆ ಉಳಿದ 120 ತರಿಸುವುದು. 80ರ ಒಳಗಿದ್ದರೆ ನಿಲ್ಲಿಸುವುದು. ನಡುವೆ ಇದ್ದರೆ 60.' ನಿಮ್ಮ ಅಂಗಡಿಯ ಸಂಖ್ಯೆಗಳು ಬೇರೆ ಇರುತ್ತವೆ. ಹಿಂದಿನ ವರ್ಷಗಳಲ್ಲಿ ಅದೇ ದಿನದ ಹೊತ್ತಿಗೆ ಎಷ್ಟು ಪಾಲು ಖರ್ಚಾಗಿತ್ತು ಎಂದು ನೋಡಿ ಗೆರೆ ಎಳೆಯಿರಿ. ಸಾಗಣೆಗೆ ಹಿಡಿಯುವ ದಿನಗಳನ್ನು ಕಳೆದೇ ಆ ತಾರೀಖನ್ನು ಆರಿಸಬೇಕು.

ಎರಡನೇ ಕಂತಿಗೆ ಸಗಟುದಾರರು ಒಂದಿಷ್ಟು ಹೆಚ್ಚು ದರ ಕೇಳಬಹುದು. ಕೊಡಿ. ಆ ಹೆಚ್ಚಿನ ದರ ಕೂತ ಮಾಲಿನ ಬೆಲೆಗಿಂತ ಸಾಮಾನ್ಯವಾಗಿ ಅಗ್ಗ.

ಗೆರೆ ದಾಟಿದ ದಿನ ಮನಸ್ಸು ನೂರು ನೆಪ ಹೇಳುತ್ತದೆ. 80ರ ಒಳಗಿದ್ದರೂ 'ಕಡೆಯ ವಾರದಲ್ಲಿ ಎತ್ತಿಕೊಳ್ಳುತ್ತದೆ' ಎನ್ನುವವರು ಇದ್ದೇ ಇರುತ್ತಾರೆ. ಮಳೆಯಿಂದ ಒಂದು ವಾರ ಸಂತೆಯೇ ಕೂಡಲಿಲ್ಲ ಎಂಬಂತಹ, ಕಣ್ಣಿಗೆ ಕಾಣುವ ಹೊಸ ಕಾರಣ ಇದ್ದರೆ ಮಾತ್ರ ಗೆರೆಯನ್ನು ಬದಲಿಸಿ, ಬದಲಿಸಿದವರು ಸಹಿ ಹಾಕಲಿ.

ಹಂತ 9: ಸೀಸನ್ ಮುಗಿದ ವಾರದಲ್ಲೇ ತಾಳೆ ನೋಡಿ

ಬಹಳಷ್ಟು ಅಂಗಡಿಗಳು ಇಲ್ಲಿಗೆ ಬರುವುದೇ ಇಲ್ಲ. ಹಬ್ಬದ ದಣಿವು, ಮುಂದಿನ ಹಬ್ಬದ ಅವಸರ. ಆದರೆ ಇದನ್ನು ಬಿಟ್ಟರೆ ಮುಂದಿನ ವರ್ಷದ ಹಂತ 4ಕ್ಕೆ ಬರೆಯಲು ಏನೂ ಇರುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಒಂದು ಮಾಲಿಗೆ ಒಂದು ಪುಟ. ಯಾರು ಎಷ್ಟು ಎಂದಿದ್ದರು, ತೊಳೆದ ಅಂಕಿ ಎಷ್ಟು ಎಂದಿತ್ತು, ಕೊಂಡದ್ದು ಎಷ್ಟು, ಮಾರಿದ್ದು ಎಷ್ಟು, ಇಲ್ಲ ವಹಿಯಲ್ಲಿ ಬರಿಗೈಯಲ್ಲಿ ಹೋದವರು ಎಷ್ಟು. ಪಕ್ಕದಲ್ಲಿ, ಅಂದು ಹೇಳಿದ ಕಾರಣ ನಿಜವಾಯಿತೇ ಇಲ್ಲವೇ. ಸಂಖ್ಯೆ ಸರಿಬಂದು ಕಾರಣ ಸುಳ್ಳಾಗಿದ್ದರೆ ಅದನ್ನು ಅದೃಷ್ಟದ ಕಾಲಮ್ಮಿಗೆ ಹಾಕಿ. ಸಂಖ್ಯೆ ತಪ್ಪಿ ಕಾರಣ ನಿಜವಾಗಿದ್ದರೆ ಆ ವ್ಯಕ್ತಿಯನ್ನು ಬಿಡಬೇಡಿ, ಅವರ ಕಣ್ಣು ಸರಿಯಿದೆ, ಅಳತೆಯಷ್ಟೇ ತಿದ್ದಿಕೊಳ್ಳಬೇಕು.

ಲಾಭವಾಯಿತು ಎಂದ ಮಾತ್ರಕ್ಕೆ ನಿರ್ಧಾರ ಸರಿಯಿತ್ತು ಎಂದು ಬರೆಯಬೇಡಿ. ಹಂತಗಳನ್ನು ಮುರಿದು 500 ಸೀರೆ ತಂದು, ಪಕ್ಕದ ಅಂಗಡಿಯವರ ಪಾರ್ಸೆಲ್ ತಡವಾದ್ದರಿಂದ ಎಲ್ಲವೂ ಖರ್ಚಾದ ವರ್ಷವೇ ಅತ್ಯಂತ ಅಪಾಯಕಾರಿ. ಮುಂದಿನ ವರ್ಷ 700 ತರುವ ಧೈರ್ಯ ಅಲ್ಲಿಂದಲೇ ಬರುತ್ತದೆ.

ಕೆಲವು ಸೀಸನ್ ಕಳೆದ ಮೇಲೆ ಈ ಪುಟಗಳಲ್ಲಿ ಒಂದು ವಿನ್ಯಾಸ ಕಾಣತೊಡಗುತ್ತದೆ. ಬಣ್ಣದ ವಿಷಯದಲ್ಲಿ ಕೌಂಟರಿನವರು, ಹಳ್ಳಿಯ ಕೈಯಲ್ಲಿರುವ ದುಡ್ಡಿನ ವಿಷಯದಲ್ಲಿ ವಸೂಲಿಯವರು ಸರಿ ಹೇಳುತ್ತಿರುತ್ತಾರೆ. ಯಜಮಾನರು ಯಾವುದರಲ್ಲಿ ಸರಿ ಎಂಬುದನ್ನೂ ಅಷ್ಟೇ ನಿಷ್ಠುರವಾಗಿ ಬರೆಯಿರಿ. ಸೂರತ್‌ಗೆ ಹೋಗುವವರು ಆ ಪುಟದ ಒಂದು ಫೋಟೊವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಲಿ, ಗಾದಿಯ ಮೇಲೆ ಕೂರುವ ಮುಂಚೆ ಒಮ್ಮೆ ತೆರೆದು ನೋಡಲಿ.